ಮೂವತ್ತು ಮುಟ್ಟದವರು

ನಮ್ಮ ಆಫೀಸುಗಳಲ್ಲಿ ಈಗ ಭೇದಭಾವವಿಲ್ಲದೆ ಎಲ್ಲರಿಗೂ ಸಿಕ್ಕಿರುವ ಒಂದೇ ಒಂದು ಸಂಗತಿ ಅಂದ್ರೆ ವಿಟಮಿನ್ ಡಿ ಕೊರತೆ. ಮ್ಯಾನೇಜರಿಗೂ ಇದೆ, ಮೊನ್ನೆ ಸೇರಿದ ಫ್ರೆಶರಿಗೂ ಇದೆ. ಸಸ್ಯಾಹಾರಿಗೂ ಇದೆ, ಭಾನುವಾರ ತಪ್ಪದೆ ಮಟನ್ ತಿನ್ನುವವನಿಗೂ ಇದೆ. ವರ್ಷಕ್ಕೊಮ್ಮೆ ಹೆಲ್ತ್ ಚೆಕಪ್ ಮುಗಿದ ವಾರ ಕ್ಯಾಂಟೀನಿನಲ್ಲಿ "ನಿಂದೆಷ್ಟು ಬಂತು?" ಅಂತ ಯಾರಾದ್ರೂ ಕೇಳಿದರೆ ಅದು ಸಂಬಳದ ವಿಚಾರ ಅಲ್ಲ. "ಹದಿನಾಲ್ಕು." "ನಂದು ಒಂಬತ್ತು ಗುರು!" ಅನ್ನೋ ಮಾತಿನಲ್ಲಿ ಒಂದು ಬಗೆಯ ಹೆಮ್ಮೆಯೂ ಇಣುಕುತ್ತೆ. ಮುಂದಿನ ವಾರ ಎಲ್ಲರ ಬ್ಯಾಗಿನಲ್ಲೂ ಅದೇ ಪುಡಿಯ ಪೊಟ್ಟಣ. ವಾರಕ್ಕೊಂದು, 60,000 ಐಯು, ಹಾಲಿಗೆ ಹಾಕ್ಕೊಂಡು ಕುಡಿಯೋದು.

ಈ ಪೊಟ್ಟಣ ನಿಜಕ್ಕೂ ಬೇಕಾ? ಸುತ್ತಿ ಬಳಸಿ ಹೇಳೋದು ಬೇಡ, ನನ್ನ ಉತ್ತರ ಮೊದಲೇ ಹೇಳಿಬಿಡ್ತೀನಿ. ಆರೋಗ್ಯವಾಗಿರುವ, ಇಪ್ಪತ್ತೈದರಿಂದ ನಲವತ್ತೈದರ ಒಳಗಿನ ನಮ್ಮಂಥವರಲ್ಲಿ ಹೆಚ್ಚಿನವರಿಗೆ ಆ ಟೆಸ್ಟೂ ಬೇಕಿಲ್ಲ, ಆ ಪೊಟ್ಟಣವೂ ಬೇಕಿಲ್ಲ. ಅದು ನಿಜವಾಗಿ ಬೇಕಾದವರು ನಮ್ಮ ಮನೆಗಳಲ್ಲೇ ಇದ್ದಾರೆ, ಅವರ ಕಡೆ ಮಾತ್ರ ಯಾರೂ ತಿರುಗಿ ನೋಡ್ತಿಲ್ಲ. ನಾನು ಡಾಕ್ಟರಲ್ಲ, ಬಿಇ ಓದಿದವನು. ನಿಮ್ಮನ್ನು ಪರೀಕ್ಷೆ ಮಾಡಿದ ಡಾಕ್ಟರು ಒಂದು ಕಾಯಿಲೆಗೆ ಅಂತ ಇದನ್ನು ಬರೆದುಕೊಟ್ಟಿದ್ದರೆ ನನ್ನ ಮಾತು ಕೇಳಿ ನಿಲ್ಲಿಸಬೇಡಿ. ನನ್ನ ತಕರಾರು ಇರೋದು ಮನುಷ್ಯನನ್ನು ನೋಡದೆ, ಬರೀ ನಂಬರ್ ನೋಡಿ ಕೊಡುವ ಪೊಟ್ಟಣದ ಮೇಲೆ.

ಮೊದಲು ಆ ಲ್ಯಾಬ್ ರಿಪೋರ್ಟನ್ನೇ ಒಂದು ಬರಹ ಅಂತ ತಿಳಿದು ನಿಧಾನವಾಗಿ ಓದೋಣ. ಪುಟದಲ್ಲಿ ನಿಮ್ಮ ಸಂಖ್ಯೆ ದಪ್ಪ ಅಕ್ಷರದಲ್ಲಿ, ಬಹಳ ಕಡೆ ಕೆಂಪಿನಲ್ಲಿ ಇರುತ್ತದೆ. ಪಕ್ಕದಲ್ಲಿ ನಾಲ್ಕು ಸಾಲಿನ ಪಟ್ಟಿ. ಮಿಲಿಲೀಟರಿಗೆ 20 ನ್ಯಾನೋಗ್ರಾಂಗಿಂತ ಕಡಿಮೆ ಇದ್ದರೆ 'ಕೊರತೆ'. 20ರಿಂದ 30ರ ಒಳಗಿದ್ದರೆ 'ಸಾಲದು'. 30ರಿಂದ 100 'ಸಾಕಷ್ಟಿದೆ'. ಅದರ ಮೇಲೆ 'ವಿಷ'. ಈ ಗೆರೆಗಳನ್ನು ಯಾರು ಎಳೆದರು, ಯಾವಾಗ ಎಳೆದರು, ಯಾರನ್ನು ನೋಡಿ ಎಳೆದರು ಅನ್ನೋದು ಮಾತ್ರ ಆ ಪುಟದಲ್ಲಿ ಎಲ್ಲೂ ಇರಲ್ಲ. ಓದುವವನಿಗೆ ಉಳಿಯೋದು ಒಂದೇ ಭಾವ: ನಾನು ಫೇಲಾದೆ.

ಸಾಫ್ಟ್‌ವೇರಿನಲ್ಲಿ ಇರುವವರಿಗೆ ಇದು ಪರಿಚಿತ ಸನ್ನಿವೇಶ. ನೂರು ಸರ್ವರುಗಳಲ್ಲಿ ಎಂಬತ್ತು ಒಟ್ಟಿಗೆ ಅಲರ್ಟ್ ಕೊಡೋಕೆ ಶುರು ಮಾಡಿದರೆ ಎರಡು ಸಾಧ್ಯತೆ. ಒಂದೋ ನಿಜವಾಗಿಯೂ ಏನೋ ದೊಡ್ಡದು ಕೆಟ್ಟಿದೆ, ಇಲ್ಲವೋ ಅಲರ್ಟಿನ ಮಿತಿಯನ್ನು ಯಾರೋ ತಪ್ಪಾಗಿ ಇಟ್ಟಿದ್ದಾರೆ. ಬಹುಪಾಲು ಜನರಿಗೆ ಇದೆ ಅಂದ ಮಾತ್ರಕ್ಕೆ ಅದು ಸುಳ್ಳು ಅನ್ನೋಕೆ ಬರಲ್ಲ. ನಮ್ಮ ದೇಶದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49ರ ವಯಸ್ಸಿನ ಹೆಂಗಸರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆ ಇದೆ. ಅದನ್ನು ಯಾರೂ ಅಳತೆಯ ತಪ್ಪು ಅಂತ ತಳ್ಳಿಹಾಕಲ್ಲ. ಹಾಗಾಗಿ ಕೇಳಬೇಕಾದ ಪ್ರಶ್ನೆ ಎರಡು: ಮಿತಿ ಇಟ್ಟವರು ಯಾರು? ನಂಬರ್ ಮೇಲೇರಿಸಿದರೆ ಜನಕ್ಕೆ ಏನಾದ್ರೂ ಒಳ್ಳೇದಾಗುತ್ತಾ?

ಮೊದಲನೆಯದಕ್ಕೆ ಹೋಗುವ ಮುಂಚೆ ಸ್ವಲ್ಪ ಪಾಠ. ಬಿಸಿಲಿನಲ್ಲಿರುವ ಯುವಿಬಿ ಕಿರಣ ಚರ್ಮಕ್ಕೆ ಬಿದ್ದಾಗ ಅಲ್ಲಿನ ಒಂದು ಕೊಬ್ಬಿನಂಥ ವಸ್ತು ವಿಟಮಿನ್ ಡಿ ಆಗುತ್ತದೆ. ಅದನ್ನು ಲಿವರ್ ಒಂದು ರೂಪಕ್ಕೆ ತಿರುಗಿಸಿ ರಕ್ತಕ್ಕೆ ಬಿಡುತ್ತದೆ. ಟೆಸ್ಟಿನಲ್ಲಿ ಅಳೆಯೋದು ಇದನ್ನೇ. ಕೊನೆಗೆ ಕಿಡ್ನಿ ಅದನ್ನು ಕೆಲಸಕ್ಕೆ ಬರುವ ಹಾರ್ಮೋನು ಮಾಡುತ್ತದೆ. ಆ ಹಾರ್ಮೋನಿನ ಮುಖ್ಯ ಕೆಲಸ ಕರುಳಿನಿಂದ ಕ್ಯಾಲ್ಸಿಯಂ ಹೀರಿಸೋದು. ಇದು ತೀರಾ ಕಡಿಮೆಯಾದರೆ ಮಕ್ಕಳಿಗೆ ರಿಕೆಟ್ಸ್ ಬಂದು ಕಾಲು ಬಿಲ್ಲಿನಂತೆ ಬಾಗುತ್ತದೆ, ದೊಡ್ಡವರಿಗೆ ಮೂಳೆ ಮೆತ್ತಗಾಗಿ ನೋಯುತ್ತದೆ. ಇದು ನಿಜವಾದ ಕಾಯಿಲೆ, ಇದರಲ್ಲಿ ಯಾರಿಗೂ ಭಿನ್ನಾಭಿಪ್ರಾಯ ಇಲ್ಲ. 12ಕ್ಕಿಂತ ಕೆಳಗಿದ್ದರೆ ಈ ಅಪಾಯ ಇದೆ ಅನ್ನೋದನ್ನೂ ಎಲ್ಲರೂ ಹೆಚ್ಚುಕಡಿಮೆ ಒಪ್ಪುತ್ತಾರೆ. ಜಗಳ ಇರೋದು ಅದರ ಮೇಲಿನ ಜಾಗದಲ್ಲಿ.

2010ರ ಕೊನೆಯಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಒಂದು ದೊಡ್ಡ ವರದಿ ಕೊಟ್ಟಿತು. ರಕ್ತದಲ್ಲಿ 20 ಇದ್ದರೆ ಜನಸಂಖ್ಯೆಯ ಶೇಕಡಾ 97.5 ಮಂದಿಯ ಮೂಳೆಗೆ ಬೇಕಾದಷ್ಟು ಆಯಿತು, ಅರ್ಧಕ್ಕರ್ಧ ಜನರಿಗೆ 16 ಇದ್ದರೂ ಸಾಕು ಅಂತ ಅದರ ಲೆಕ್ಕ. ಮರುವರ್ಷವೇ, 2011ರಲ್ಲಿ, ಅಮೆರಿಕದ ಎಂಡೋಕ್ರೈನ್ ಸೊಸೈಟಿ ತನ್ನದೇ ಮಾರ್ಗಸೂಚಿ ತಂದು, 20ರ ಕೆಳಗೆ ಕೊರತೆ, 30 ಮುಟ್ಟದಿದ್ದರೆ ಸಾಲದು ಅಂತ ಹೇಳಿತು. ಆ 30ಕ್ಕೆ ಒಂದು ಮುಖ್ಯ ಆಧಾರ ಪ್ಯಾರಾಥೈರಾಯ್ಡ್ ಹಾರ್ಮೋನು. ಡಿ ಏರಿದಂತೆ ಅದು ಇಳಿಯುತ್ತಾ ಬಂದು, ಒಂದು ಹಂತದಲ್ಲಿ ಇಳಿಯೋದು ನಿಲ್ಲುತ್ತದೆ. ಆ ಹಂತ ಬೇರೆ ಬೇರೆ ಅಧ್ಯಯನಗಳಲ್ಲಿ ಬೇರೆ ಬೇರೆ ಕಡೆ ಸಿಕ್ಕಿದೆ ಅನ್ನೋದು ಬೇರೆ ಮಾತು. ಒಂದೇ ದೇಶ, ಒಂದು ವರ್ಷದ ಅಂತರ, ಎರಡು ಗೆರೆ. ನಮ್ಮ ಲ್ಯಾಬುಗಳ ಪಟ್ಟಿಗೆ ಬಂದು ಕೂತಿದ್ದು ಎರಡನೆಯದು.

20 ಅನ್ನೋದನ್ನೂ ನಾವು ತಪ್ಪಾಗಿಯೇ ಓದ್ತೀವಿ. ಮದುವೆ ಮನೆಯ ಅಡುಗೆ ಭಟ್ಟರ ಲೆಕ್ಕ ನೆನಪಿಸಿಕೊಳ್ಳಿ. ಎಲೆಗೆ ಇಷ್ಟು ಅಕ್ಕಿ ಅಂತ ಅವರು ಹಿಡಿಯೋದು ಜಾಸ್ತಿ ಉಣ್ಣುವವನಿಗೂ ಕಡಿಮೆ ಬೀಳಬಾರದು ಅಂತ. ಊಟ ಆದಮೇಲೆ ಒಬ್ಬೊಬ್ಬರನ್ನೇ ನಿಲ್ಲಿಸಿ, ಭಟ್ಟರ ಲೆಕ್ಕಕ್ಕಿಂತ ಒಂದು ತುತ್ತು ಕಡಿಮೆ ಉಂಡವರೆಲ್ಲಾ ಹಸಿದಿದ್ದಾರೆ ಅಂತ ಬರೆದುಕೊಂಡರೆ ಹೇಗೆ? 17 ಬಂದವನಿಗೆ ಬೇಕಾಗಿರೋದೇ 14 ಇರಬಹುದು. 2016ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಜೊಆನ್ ಮ್ಯಾನ್ಸನ್ ಮತ್ತು ಜೊತೆಗಾರರು ಎತ್ತಿದ್ದು ಇದೇ ಆಕ್ಷೇಪ. ಎಲ್ಲರಿಗೂ ಸಾಕಾಗುವ ಮಟ್ಟವನ್ನೇ ಕೊರತೆಯ ಗೆರೆ ಮಾಡಿಕೊಂಡಿದ್ದರಿಂದ ಇಲ್ಲದ ಸಾಂಕ್ರಾಮಿಕವೊಂದು ಹುಟ್ಟಿಕೊಂಡಿದೆ ಅಂತ.

2011ರ ಮಾರ್ಗಸೂಚಿ ಬರೆದ ಸಮಿತಿಯ ಮುಖ್ಯಸ್ಥರು ಬಾಸ್ಟನ್ನಿನ ಮೈಕೆಲ್ ಹೋಲಿಕ್. ವಿಟಮಿನ್ ಡಿ ದೇಹದಲ್ಲಿ ಹೇಗೆ ಕೆಲಸ ಮಾಡುತ್ತೆ ಅನ್ನೋ ತಿಳಿವಳಿಕೆಗೆ ದೊಡ್ಡ ಕೊಡುಗೆ ಕೊಟ್ಟವರು, ಅದರಲ್ಲಿ ಅನುಮಾನ ಇಲ್ಲ. 2018ರಲ್ಲಿ ಕೈಸರ್ ಹೆಲ್ತ್ ನ್ಯೂಸ್ ಮತ್ತು ನ್ಯೂಯಾರ್ಕ್ ಟೈಮ್ಸ್ ಅವರ ಬಗ್ಗೆ ಒಂದು ತನಿಖಾ ವರದಿ ಪ್ರಕಟಿಸಿದವು. 2013ರಿಂದ 2017ರ ನಡುವೆ ಔಷಧ ಕಂಪನಿಗಳಿಂದ ಅವರಿಗೆ ಸುಮಾರು 1,63,000 ಡಾಲರ್ ಸಂದಿದೆ, ಒಂದು ದೊಡ್ಡ ಲ್ಯಾಬ್ ಕಂಪನಿಗೆ 1979ರಿಂದಲೂ ಅವರು ಸಲಹೆಗಾರರು ಅಂತ ಅದರಲ್ಲಿತ್ತು. ಅವರು ಇದನ್ನು ಅಲ್ಲಗಳೆಯಲಿಲ್ಲ, ಆದರೆ ಆ ಹಣ ತನ್ನ ಅಭಿಪ್ರಾಯವನ್ನು ಬದಲಿಸಿಲ್ಲ ಅಂದರು. ಇರಬಹುದು. ದುಡ್ಡು ತಗೊಂಡವರ ವಾದ ಸುಳ್ಳೇ ಆಗಿರಬೇಕು ಅಂತಿಲ್ಲ. ಆದರೆ ಗೆರೆ ಹತ್ತು ಅಂಕ ಮೇಲೆ ಸರಿದರೆ ಟೆಸ್ಟ್ ಮಾಡುವವರಿಗೂ ಪುಡಿ ಮಾರುವವರಿಗೂ ಎಷ್ಟು ಗಿರಾಕಿ ಹೆಚ್ಚುತ್ತಾರೆ ಅನ್ನೋದು ನಮಗೆ ಗೊತ್ತಿರಬೇಕು.

ಇದಕ್ಕಿಂತ ಮುಖ್ಯವಾದದ್ದು ಆಮೇಲೆ ಆಗಿದ್ದು. 2024ರಲ್ಲಿ ಅದೇ ಎಂಡೋಕ್ರೈನ್ ಸೊಸೈಟಿ ಹೊಸ ಮಾರ್ಗಸೂಚಿ ತಂದು, 30ರ ಗುರಿಯನ್ನು ತಾನು ಇನ್ನು ಬೆಂಬಲಿಸುವುದಿಲ್ಲ ಅಂತ ಹೇಳಿತು. ಆರೋಗ್ಯವಂತ ವಯಸ್ಕರಿಗೆ ಮಾಮೂಲಿಯಾಗಿ ಈ ಟೆಸ್ಟ್ ಮಾಡಿಸೋದು ಬೇಡ ಅಂತಲೂ ಹೇಳಿತು. ಗೆರೆ ಎಳೆದವರೇ ಗೆರೆ ಅಳಿಸಿದ್ದಾಯಿತು. ನಮ್ಮ ರಿಪೋರ್ಟುಗಳಲ್ಲಿ ಮಾತ್ರ ಆ ನಾಲ್ಕು ಸಾಲು ಇನ್ನೂ ಹಾಗೇ ಅಚ್ಚಾಗ್ತಿದೆ. ಯಾರೂ ಅಪ್‌ಡೇಟ್ ಮಾಡದ ಹಳೆ ಕಾನ್ಫಿಗ್ ಫೈಲ್ ಥರ.

ಈಗ ನಮ್ಮ ಕಡೆಗೆ ಬರೋಣ. "ಎಸಿ ರೂಮಿನಲ್ಲಿ ಕೂತು ಕೂತು ಹೀಗಾಗಿದೀವಿ, ಹಳ್ಳಿಯವರಿಗೆ ಇದೆಲ್ಲ ಇಲ್ಲ" ಅನ್ನೋ ಮಾತು ನೀವೂ ಕೇಳಿರ್ತೀರಿ. ಹಳ್ಳಿಯಲ್ಲಿ ಬೆಳೆದ ನನಗೂ ಆ ಮಾತು ಹಿತವಾಗಿಯೇ ಕೇಳಿಸುತ್ತೆ. ಆದರೆ ಅಂಕಿ ಹಾಗೆ ಹೇಳಲ್ಲ. ತಿರುಪತಿಯಲ್ಲಿ ಸಿ.ವಿ. ಹರಿನಾರಾಯಣ್ ಮತ್ತವರ ತಂಡ ಸುತ್ತಲಿನ ಹಳ್ಳಿ ಮತ್ತು ಪೇಟೆಯ ಜನರ ರಕ್ತ ಪರೀಕ್ಷೆ ಮಾಡಿ 2007ರಲ್ಲಿ ಫಲಿತಾಂಶ ಪ್ರಕಟಿಸಿತು. ಹಳ್ಳಿಯವರು ಬೆಳಿಗ್ಗೆ ಎಂಟಕ್ಕೆ ಹೊಲಕ್ಕಿಳಿದರೆ ಸಂಜೆ ಐದರವರೆಗೆ ಮೈ ಬೆನ್ನು ತೋಳಿಗೆಲ್ಲ ಬಿಸಿಲು ತಾಗಿಸಿಕೊಂಡು ದುಡಿಯುವವರು. ರಾಯಲಸೀಮೆಯ ಬಿಸಿಲು ಹೇಗಿರುತ್ತೆ ಅಂತ ಕೋಲಾರ, ಬಳ್ಳಾರಿಯವರಿಗೆ ಹೇಳಬೇಕಾಗಿಲ್ಲ. ಆ ಗಂಡಸರ ಸರಾಸರಿ ಬಂದಿದ್ದು 24ರ ಹತ್ತಿರ. ಹೆಂಗಸರದು 19. ಪೇಟೆಯ ಗಂಡಸರದು 18.5, ಹೆಂಗಸರದು 15.5. ಬಿಸಿಲಿಗೆ ಬೆಲೆ ಇದೆ ಅನ್ನೋದು ನಿಜ, ಹಳ್ಳಿಯವರದು ಹೆಚ್ಚೇ ಇದೆ. ಆದರೆ ಅಷ್ಟು ಬಿಸಿಲುಂಡ ರೈತನ ಸರಾಸರಿಯೂ 30 ಮುಟ್ಟಲ್ಲ. ಇದಕ್ಕೂ ಮುಂಚೆ, 2000ದಲ್ಲಿ, ದೆಹಲಿಯ ಏಮ್ಸ್‌ನ ತಂಡವೊಂದು ಬಯಲಿನಲ್ಲಿ ತಾಲೀಮು ಮಾಡುವ ಸೈನಿಕರನ್ನು ಪರೀಕ್ಷಿಸಿತ್ತು. ಡಾಕ್ಟರು, ನರ್ಸುಗಳಿಗಿಂತ ಅವರದು ಎಷ್ಟೋ ಪಾಲು ಹೆಚ್ಚಿತ್ತು, ಆದರೂ ಸರಾಸರಿ 20ರ ಕೆಳಗೇ. ಅಮೆರಿಕದ ಹೊನಲುಲುವಿನಲ್ಲಿ ವಾರಕ್ಕೆ ಸರಾಸರಿ 29 ಗಂಟೆ ಬಿಸಿಲಲ್ಲಿ ಇರುವ 93 ಮಂದಿಯನ್ನು ನೋಡಿದಾಗ ಅರ್ಧದಷ್ಟು ಜನ 30ರ ಕೆಳಗಿದ್ದರು. ಅಲ್ಲಿ ಸಮುದ್ರದ ಅಲೆಗಳ ಮೇಲೆ ಆಡುವವರೂ ಫೇಲು.

ಎದುರು ವಾದವನ್ನೂ ಹೇಳಬೇಕು. ತಾಂಜಾನಿಯಾದ ಮಸಾಯಿ ದನಗಾಹಿಗಳು ಮತ್ತು ಹಾಡ್ಜಾ ಬೇಟೆಗಾರರನ್ನು ಅಳೆದಾಗ ಸರಾಸರಿ 46 ಬಂತು. ಮನುಷ್ಯನಿಗೆ ಸಹಜವಾದ ಮಟ್ಟ ಇದೇ, ನಾವೆಲ್ಲ ಕೆಳಗೆ ಜಾರಿದ್ದೀವಿ ಅಂತ 30ರ ಪರವಾದವರು ಹೇಳೋದು ಇದನ್ನು ಹಿಡಿದೇ. ಗಟ್ಟಿಯಾದ ವಾದ. ಆದರೆ ಒಂದು ಕಡೆ ಸಹಜವಾಗಿರುವುದು ಇನ್ನೊಂದು ಕಡೆ ಅಗತ್ಯವೂ ಹೌದಾ ಅಂತ ತಿಳಿಯೋಕೆ ಒಂದೇ ದಾರಿ: ನಂಬರ್ ಏರಿಸಿ ನೋಡೋದು. ಅದೇ ನಮ್ಮ ಎರಡನೆಯ ಪ್ರಶ್ನೆ.

ಏರಿಸಿ ನೋಡಿದ್ದಾರೆ, ಅದೂ ಸಣ್ಣ ಮಟ್ಟದಲ್ಲಿ ಅಲ್ಲ. ಅಮೆರಿಕದ ವೈಟಲ್ ಅಧ್ಯಯನದಲ್ಲಿ 50 ದಾಟಿದ ಗಂಡಸರು, 55 ದಾಟಿದ ಹೆಂಗಸರು ಸೇರಿ 25,871 ಮಂದಿ ಇದ್ದರು. ಅರ್ಧ ಜನಕ್ಕೆ ದಿನಾ 2,000 ಐಯು, ಉಳಿದರ್ಧಕ್ಕೆ ಏನೂ ಇಲ್ಲದ ಗುಳಿಗೆ, ಐದು ವರ್ಷಕ್ಕೂ ಮೇಲೆ. 2018ರಲ್ಲಿ ಫಲಿತಾಂಶ ಬಂದಾಗ ಕ್ಯಾನ್ಸರ್ ಬರೋದೂ ಕಡಿಮೆಯಾಗಿರಲಿಲ್ಲ, ಹೃದಯಾಘಾತವೂ ಕಡಿಮೆಯಾಗಿರಲಿಲ್ಲ. 2022ರಲ್ಲಿ ಮೂಳೆ ಮುರಿತದ ಲೆಕ್ಕ ಬಂತು. ಅದೂ ಕಡಿಮೆಯಾಗಿರಲಿಲ್ಲ. ಮೂಳೆಗೆ ಅಂತಲೇ ಹೆಸರಾದ ವಿಟಮಿನ್ನು! ಆಸ್ಟ್ರೇಲಿಯಾದ ಡಿ-ಹೆಲ್ತ್ ಅಧ್ಯಯನ ನಮಗೆ ಇನ್ನೂ ಹತ್ತಿರದ್ದು, ಯಾಕಂದ್ರೆ ಅಲ್ಲಿ ಕೊಟ್ಟಿದ್ದು ನಮ್ಮ ಪೊಟ್ಟಣದ್ದೇ ಪ್ರಮಾಣ. ತಿಂಗಳಿಗೊಮ್ಮೆ 60,000 ಐಯು, 60 ದಾಟಿದ 21 ಸಾವಿರಕ್ಕೂ ಹೆಚ್ಚು ಜನ, ಐದು ವರ್ಷ. ಅದನ್ನು ತಗೊಂಡವರಲ್ಲೂ ತಗೊಳ್ಳದವರಲ್ಲೂ ಸಾವಿನ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ.

"ಅವರಿಗೆ ಮೊದಲೇ ಸಾಕಷ್ಟಿತ್ತು, ತುಂಬಿದ ಕೊಡಕ್ಕೆ ನೀರು ಹಾಕಿದರೆ ಏನಾಗುತ್ತೆ? ನಮ್ಮ ಕೊಡ ಖಾಲಿ" ಅಂತ ನೀವು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ವೈಟಲ್‌ನಲ್ಲಿದ್ದವರ ಸರಾಸರಿ ಶುರುವಿನಲ್ಲೇ 30ರ ಹತ್ತಿರ ಇತ್ತು. ಅದಕ್ಕೇ ನಾನು ಮಂಗೋಲಿಯಾದ ಮಕ್ಕಳ ಅಧ್ಯಯನಕ್ಕೆ ಹೆಚ್ಚು ಬೆಲೆ ಕೊಡ್ತೀನಿ. ಅಲ್ಲಿ 8,851 ಶಾಲಾ ಮಕ್ಕಳು, ಅವರಲ್ಲಿ ಶೇಕಡಾ 95ಕ್ಕೂ ಹೆಚ್ಚು 20ರ ಕೆಳಗಿದ್ದವರು. ವಾರಕ್ಕೆ 14,000 ಐಯು, ಮೂರು ವರ್ಷ. ರಕ್ತದಲ್ಲಿ ನಂಬರ್ ಚೆನ್ನಾಗಿಯೇ ಏರಿತು. ಕ್ಷಯ ರೋಗದ ಸೋಂಕು ತಗಲೋದು ಕಡಿಮೆಯಾಗಲಿಲ್ಲ, ಮೂಳೆ ಮುರಿಯೋದೂ ಕಡಿಮೆಯಾಗಲಿಲ್ಲ. ಖಾಲಿ ಕೊಡ ತುಂಬಿದರೂ ಇಷ್ಟೇ.

ಹಾಗಾದ್ರೆ ಡಿ ಕಡಿಮೆ ಇರುವವರಿಗೆ ಶುಗರ್, ಹೃದಯದ ಕಾಯಿಲೆ, ಖಿನ್ನತೆ ಎಲ್ಲ ಜಾಸ್ತಿ ಅಂತ ಪತ್ರಿಕೆಯಲ್ಲಿ ಬರೋದು ಸುಳ್ಳಾ? ಸುಳ್ಳಲ್ಲ, ಆದರೆ ಬಾಣದ ಗುರುತು ಉಲ್ಟಾ ಇರಬಹುದು. ಕಾಯಿಲೆ ಬಿದ್ದವರು ಹೊರಗೆ ಓಡಾಡಲ್ಲ. ಮೈಯಲ್ಲಿ ಉರಿಯೂತ ಇದ್ದಾಗ ರಕ್ತದಲ್ಲಿ ಡಿ ಇಳಿಯುತ್ತೆ. ದಪ್ಪಗಿದ್ದವರಲ್ಲಿ ಅದು ಕೊಬ್ಬಿನೊಳಗೆ ಹಂಚಿಹೋಗಿ ರಕ್ತದಲ್ಲಿ ಕಡಿಮೆ ಕಾಣುತ್ತೆ. ಅಂದರೆ ಕಡಿಮೆ ಡಿ ಬಹಳಷ್ಟು ಸಲ ಕಾಯಿಲೆಗೆ ಕಾರಣ ಅಲ್ಲ, ಕಾಯಿಲೆಯ ನೆರಳು.

ಇಷ್ಟಾದರೂ "ತಗೊಂಡ್ರೆ ನಷ್ಟ ಏನು?" ಅನ್ನೋದು ಉಳಿಯುತ್ತೆ. ಪೊಟ್ಟಣದ ಲೆಕ್ಕ ಮಾಡೋಣ. ನಮ್ಮ ಐಸಿಎಂಆರ್ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2020ರಲ್ಲಿ ಹೇಳಿರುವ ಪ್ರಮಾಣ ದಿನಕ್ಕೆ 600 ಐಯು. ಒಂದು ಪೊಟ್ಟಣ ಅಂದರೆ ನೂರು ದಿನದ್ದು. ವಾರಕ್ಕೊಂದರಂತೆ ಎಂಟು ವಾರ ಕುಡಿದರೆ ಎಂಟುನೂರು ದಿನದ್ದು, ಎರಡು ವರ್ಷಕ್ಕೂ ಮೇಲೆ. ನಿಜವಾದ ಕೊರತೆಯ ಚಿಕಿತ್ಸೆಗೆ ಡಾಕ್ಟರು ಇದನ್ನು ಕೊಡುತ್ತಾರೆ, ಅದಕ್ಕೊಂದು ಕೊನೆಯ ದಿನವೂ ಇರುತ್ತದೆ. ನಮ್ಮಲ್ಲಿ ಆಗೋದು ಬೇರೆ. ಚೀಟಿ ಇಲ್ಲದೆ ಮೆಡಿಕಲ್ ಸ್ಟೋರಿನಲ್ಲಿ ಸಿಗುತ್ತೆ, ಎಂಟು ವಾರ ಅನ್ನೋದು ಎಂಟು ತಿಂಗಳಾಗುತ್ತೆ, ಪಕ್ಕದ ಸೀಟಿನವನು ಕೇಳಿದರೆ ಎರಡು ಕೊಡ್ತೀವಿ. ಈ ವಿಟಮಿನ್ ಕೊಬ್ಬಿನಲ್ಲಿ ಕರಗಿ ಮೈಯಲ್ಲಿ ಉಳಿಯುವಂಥದ್ದು, ಹೆಚ್ಚಾಗಿದ್ದು ಬಿ ವಿಟಮಿನ್ ಥರ ಮೂತ್ರದಲ್ಲಿ ಹೋಗಿಬಿಡಲ್ಲ. ಮಿತಿಮೀರಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಗೊಂದಲ, ಕಿಡ್ನಿಗೆ ಪೆಟ್ಟು. ವಾರಕ್ಕೊಂದು ಅನ್ನೋದನ್ನು ದಿನಕ್ಕೊಂದು ಅಂತ ತಿಳಿದು ಆಸ್ಪತ್ರೆ ಸೇರಿದವರ ಬಗ್ಗೆ ನಮ್ಮ ದೇಶದ ಡಾಕ್ಟರುಗಳೇ ವೈದ್ಯಕೀಯ ಪತ್ರಿಕೆಗಳಲ್ಲಿ ಬರೆದಿದ್ದಾರೆ.

ದೊಡ್ಡ ದೊಡ್ಡ ಡೋಸು ಒಟ್ಟಿಗೆ ಕೊಡೋದರಲ್ಲಿ ಇನ್ನೊಂದು ಎಚ್ಚರಿಕೆಯೂ ಇದೆ. ಆಸ್ಟ್ರೇಲಿಯಾದಲ್ಲಿ 70 ದಾಟಿದ 2,256 ಹೆಂಗಸರ ಮೇಲೆ ನಡೆದ ಅಧ್ಯಯನದಲ್ಲಿ ಅರ್ಧ ಜನಕ್ಕೆ ವರ್ಷಕ್ಕೊಮ್ಮೆ ಐದು ಲಕ್ಷ ಐಯು ಕೊಟ್ಟರು. ಬೀಳೋದು, ಮೂಳೆ ಮುರಿಯೋದು ತಪ್ಪಲಿ ಅಂತ. 2010ರಲ್ಲಿ ಫಲಿತಾಂಶ ನೋಡಿದರೆ ಅದನ್ನು ತಗೊಂಡವರೇ ಹೆಚ್ಚು ಬಿದ್ದಿದ್ದರು, ಅವರ ಮೂಳೆಗಳೇ ಹೆಚ್ಚು ಮುರಿದಿದ್ದವು. 50 ದಾಟಿ ಇದು ಬೇಕಾದವರಿಗೆ ಅಪರೂಪಕ್ಕೆ ದೊಡ್ಡ ಡೋಸಿಗಿಂತ ದಿನಾ ಸಣ್ಣ ಡೋಸು ಕೊಡಿ ಅಂತ 2024ರ ಮಾರ್ಗಸೂಚಿ ಹೇಳುತ್ತೆ. ನಮ್ಮ ಪೊಟ್ಟಣ ಇದರ ತದ್ವಿರುದ್ಧ.

ಅಂದ ಹಾಗೆ, ಈ ಪುಡಿ ಬರೋದು ಎಲ್ಲಿಂದ ಅಂತ ಗೊತ್ತಾ? ಹೆಚ್ಚಿನ ಡಿ3 ತಯಾರಾಗೋದು ಕುರಿ ಉಣ್ಣೆಯ ಜಿಡ್ಡಿನಿಂದ. ಉಣ್ಣೆ ತೊಳೆದಾಗ ಬರುವ ಜಿಡ್ಡನ್ನು ಶುದ್ಧ ಮಾಡಿ, ಅದಕ್ಕೆ ಯುವಿ ಬೆಳಕು ಹಾಯಿಸುತ್ತಾರೆ. ನಮ್ಮ ಚರ್ಮದಲ್ಲಿ ಆಗೋ ಕೆಲಸವೇ, ಫ್ಯಾಕ್ಟರಿಯಲ್ಲಿ ಆಗುತ್ತೆ ಅಷ್ಟೆ. ಪಕ್ಕಾ ವೀಗನ್ ಗೆಳೆಯರು ಕಲ್ಲುಹೂವಿನ ಜಾತಿಯಿಂದ ಮಾಡಿದ್ದನ್ನು ಹುಡುಕಿಕೊಳ್ಳಬೇಕು.

ಪೊಟ್ಟಣ ಬೇಡ ಅಂದವರು ಕೊಡುವ ಸಲಹೆಯೂ ವಿಮರ್ಶೆಗೆ ಯೋಗ್ಯವಾಗಿದೆ. "ಬೆಳಿಗ್ಗೆ ಎಳೆಬಿಸಿಲಿಗೆ ಮೈಯೊಡ್ಡಿ, ಸಾಕು." ಎಳೆಬಿಸಿಲು ಹಿತವಾಗಿರುತ್ತೆ ನಿಜ, ಆದರೆ ಅದರಲ್ಲಿ ಯುವಿಬಿ ಇಲ್ಲವೆನ್ನುವಷ್ಟು ಕಡಿಮೆ. ಸೂರ್ಯ ಓರೆಯಾಗಿದ್ದಾಗ ಆ ಕಿರಣಗಳನ್ನು ವಾತಾವರಣವೇ ಹೀರಿಕೊಂಡುಬಿಡುತ್ತೆ. ಒಂದು ಸುಲಭ ಅಳತೆ ಇದೆ: ನಿಮ್ಮ ನೆರಳು ನಿಮಗಿಂತ ಗಿಡ್ಡ ಆದಾಗ ಮಾತ್ರ ಚರ್ಮದಲ್ಲಿ ಡಿ ಚೆನ್ನಾಗಿ ತಯಾರಾಗೋದು. ಆರೂವರೆಗೆ ಕಬ್ಬನ್ ಪಾರ್ಕಿನಲ್ಲಿ ಓಡಿದರೆ ಹೃದಯಕ್ಕೆ ಒಳ್ಳೇದು, ವಿಟಮಿನ್ ಡಿ ಲೆಕ್ಕಕ್ಕೆ ಬರೋದು ಬಹಳ ಸ್ವಲ್ಪ. ಕಿಟಕಿ ಪಕ್ಕದ ಸೀಟಿಗೆ ಜಗಳ ಆಡಿದರೂ ಪ್ರಯೋಜನ ಇಲ್ಲ. ಗಾಜು ಬೆಳಕು ಬಿಡುತ್ತೆ, ಸೆಕೆ ಬಿಡುತ್ತೆ, ಯುವಿಬಿಯನ್ನು ತಡೆಯುತ್ತೆ. ಊಟ ಆದಮೇಲೆ ತೋಳು ಮಡಚಿಕೊಂಡು ಕಾಲು ಗಂಟೆ ಹೊರಗೆ ನಡೆದರೆ ಅದಕ್ಕಿಂತ ಮೇಲು. ಬೆಂಗಳೂರು ಇರೋದು 13 ಡಿಗ್ರಿ ಅಕ್ಷಾಂಶದಲ್ಲಿ, ಇಲ್ಲಿ ವರ್ಷವಿಡೀ ಮಧ್ಯಾಹ್ನದ ಬಿಸಿಲಿಗೆ ಆ ಶಕ್ತಿ ಇದೆ. ಲಂಡನ್ನಿಗೆ ಆನ್‌ಸೈಟ್ ಹೋದವರ ಕಥೆ ಬೇರೆ. ಅಲ್ಲಿನ ಚಳಿಗಾಲದ ಸೂರ್ಯನಿಂದ ಏನೂ ಸಿಗಲ್ಲ, ನಮ್ಮ ಚರ್ಮದ ಬಣ್ಣಕ್ಕೆ ಇನ್ನೂ ಕಷ್ಟ. ಚಳಿಗಾಲದಲ್ಲಿ ಎಲ್ಲರೂ ದಿನಕ್ಕೆ 400 ಐಯು ತಗೊಳ್ಳೋದನ್ನು ಯೋಚಿಸಿ ಅಂತ ಅಲ್ಲಿನ ಸರ್ಕಾರವೇ ಹೇಳುತ್ತೆ. ಅದು ಆ ನೆಲಕ್ಕೆ ಸರಿಯಾದ ಸಲಹೆ.

ಊಟದಲ್ಲಿ ಡಿ ಸಿಗೋದು ಕಡಿಮೆ. ಕರಾವಳಿಯವರಿಗೆ ಬೂತಾಯಿ, ಬಂಗುಡೆ ಇದೆ, ಉಳಿದವರಿಗೆ ಮೊಟ್ಟೆಯ ಹಳದಿ, ಪ್ಲಸ್ ಎಫ್ ಗುರುತಿರುವ ಹಾಲು ಮತ್ತು ಎಣ್ಣೆ. ಆದರೆ ಊಟದ ಕಡೆ ನೋಡಲು ಇನ್ನೊಂದು ದೊಡ್ಡ ಕಾರಣ ಇದೆ. ತಿರುಪತಿಯ ತಂಡ ಬರೀ ಡಿ ಅಳೆದು ಸುಮ್ಮನಾಗಲಿಲ್ಲ, ಜನ ಏನು ಉಣ್ತಾರೆ ಅಂತಲೂ ನೋಡಿತು. ಊಟದಲ್ಲಿ ಕ್ಯಾಲ್ಸಿಯಂ ಬಹಳ ಕಡಿಮೆ, ಅದನ್ನು ಹೀರಲು ಬಿಡದ ಧಾನ್ಯದ ಫೈಟೇಟ್ ಜಾಸ್ತಿ. ಕ್ಯಾಲ್ಸಿಯಂ ಸಾಲದೇ ಹೋದಾಗ ದೇಹ ಇರುವ ಡಿಯನ್ನೇ ಬೇಗ ಬೇಗ ಖರ್ಚು ಮಾಡುತ್ತೆ. ಅಂದರೆ ಕಡಿಮೆ ಡಿ ಅಂತ ನಮಗೆ ಕಾಣ್ತಿರೋದರಲ್ಲಿ ಒಂದು ಪಾಲು ತಟ್ಟೆಯಲ್ಲಿ ಇಲ್ಲದ ಕ್ಯಾಲ್ಸಿಯಂ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂ ಮೇಲೆ ಕ್ಯಾಲ್ಸಿಯಂ ಇದೆ. ನೆನೆಸಿ ಮೊಳಕೆ ಕಟ್ಟಿದರೆ ಫೈಟೇಟ್ ಇಳಿಯುತ್ತೆ. ಹುರಿಹಿಟ್ಟು, ಮೊಳಕೆ ರಾಗಿ ಅಂಬಲಿ, ಮಜ್ಜಿಗೆ, ಸೊಪ್ಪು ಇವನ್ನು ಯಾವ ಹೆಲ್ತ್ ಪ್ಯಾಕೇಜೂ ಬರೆದುಕೊಡಲ್ಲ.

ಹಾಗಾದರೆ ವಿಟಮಿನ್ ಡಿ ಯಾರಿಗೆ ಬೇಕು? ಇಲ್ಲೇ ನನಗೆ ನಿಜವಾಗಿ ಸಿಟ್ಟು ಬರೋದು. ಎದೆಹಾಲಿನಲ್ಲಿ ಡಿ ತೀರಾ ಕಡಿಮೆ ಇರುತ್ತೆ, ಹಾಗಾಗಿ ಹುಟ್ಟಿದ ಮಗುವಿಗೆ ಮೊದಲ ವರ್ಷ ದಿನಾ 400 ಐಯು ಹನಿ ಹಾಕಬೇಕು ಅಂತ ಭಾರತೀಯ ಮಕ್ಕಳ ತಜ್ಞರ ಸಂಘ ಹೇಳುತ್ತೆ. ನಗರದ ಆಸ್ಪತ್ರೆಯಲ್ಲಿ ಹುಟ್ಟಿದ ಮಗುವಿಗೆ ಡಾಕ್ಟರು ಬರೆದುಕೊಡ್ತಾರೆ. ಹಳ್ಳಿಯಲ್ಲಿ ಬಾಣಂತಿ ಕೋಣೆಯ ಕತ್ತಲಲ್ಲಿ ತಿಂಗಳುಗಟ್ಟಲೆ ಇರುವ ಮಗುವಿಗೆ? ಗರ್ಭಿಣಿಯರಿಗೆ ಸರ್ಕಾರದ ಕಾರ್ಯಕ್ರಮದಲ್ಲಿ ಉಚಿತ ಕ್ಯಾಲ್ಸಿಯಂ ಮಾತ್ರೆ ಇದೆ. ಒಂದೊಂದರಲ್ಲಿ 500 ಮಿಲಿಗ್ರಾಂ ಕ್ಯಾಲ್ಸಿಯಂ, 250 ಐಯು ಡಿ3, ದಿನಕ್ಕೆರಡು. ಲೆಕ್ಕ ಹಾಕಿ ನೋಡಿ, ದಿನಕ್ಕೆ 500 ಐಯು, ಜೊತೆಗೆ ಕ್ಯಾಲ್ಸಿಯಂ. ನಮ್ಮ ದುಬಾರಿ ಪೊಟ್ಟಣಕ್ಕಿಂತ ಸಾವಿರ ಪಾಲು ವಿವೇಕದ ಮಾತ್ರೆ ಅದು. ಆಶಾ ಕಾರ್ಯಕರ್ತೆ ಮನೆಗೇ ತಂದುಕೊಟ್ಟಿದ್ದು ಬಾಯಿಗೆ ಒಗ್ಗಲಿಲ್ಲ ಅಂತ ಗೂಡಿನಲ್ಲೇ ಉಳಿಯೋದೂ ಉಂಟು. ಆಮೇಲೆ ನಮ್ಮ ಅಜ್ಜಿ ತಾತಂದಿರು. ವಯಸ್ಸಾದಂತೆ ಚರ್ಮಕ್ಕೆ ಡಿ ತಯಾರಿಸುವ ಶಕ್ತಿ ಕುಂದುತ್ತೆ, ಮಂಡಿ ನೋವಿಗೆ ಜಗಲಿ ದಾಟೋದು ನಿಂತಿರುತ್ತೆ. 75 ದಾಟಿದವರಿಗೆ ಟೆಸ್ಟೂ ಮಾಡಿಸದೆ ದಿನಾ ಸಣ್ಣ ಪ್ರಮಾಣ ಕೊಡಬಹುದು ಅಂತ, ಅದೇ 2024ರ ಮಾರ್ಗಸೂಚಿ ಹೇಳುತ್ತೆ. ಮೈ ಪೂರಾ ಮುಚ್ಚಿಕೊಂಡೇ ಹೊರಗೆ ಬರುವ ಹೆಂಗಸರು, ಮೂರ್ಛೆ ರೋಗದ ಮಾತ್ರೆ ತಗೊಳ್ಳುವವರು, ಕಿಡ್ನಿ ಅಥವಾ ಕರುಳಿನ ಕಾಯಿಲೆ ಇರುವವರು, ಮೂಳೆ ಸವೆತಕ್ಕೆ ಚಿಕಿತ್ಸೆಯಲ್ಲಿರುವವರು, ಇವರೆಲ್ಲ ಡಾಕ್ಟರ ಹತ್ತಿರ ಮಾತಾಡಲೇಬೇಕು.

ನಮ್ಮೂರಿನ ಕಡೆ ಅರವತ್ತು ದಾಟಿದ ಹೆಂಗಸರಿಗೆ ಸೊಂಟ, ಮೈಮೂಳೆ ನೋವು ಅಂದರೆ ಸಿಗೋದು ಒಂದು ನೋವಿನ ಇಂಜೆಕ್ಷನ್, ನಾಲ್ಕು ಮಾತ್ರೆ. ವಿಟಮಿನ್ ಡಿ ಟೆಸ್ಟ್ ಒಂದನ್ನೇ ಮಾಡಿಸಿದರೆ ಎಷ್ಟೋ ಲ್ಯಾಬುಗಳಲ್ಲಿ ಸಾವಿರ ರೂಪಾಯಿ ದಾಟುತ್ತೆ, ಅದನ್ನು ಅವರಿಗೆ ಯಾರೂ ಬರೆಯೋದಿಲ್ಲ. ಮೂವತ್ತರ ಆಸುಪಾಸಿನ, ಏನೂ ಕಾಯಿಲೆ ಇಲ್ಲದ ನಮಗೆ ವರ್ಷ ವರ್ಷ ಫ್ರೀ. ಕೊರತೆ ಒಂದು ಕಡೆ ಇದೆ, ಟೆಸ್ಟು ಇನ್ನೊಂದು ಕಡೆ ಇದೆ. ಕಾರಣ ಕಷ್ಟದ್ದೇನಲ್ಲ. ಬಿಲ್ ಕಟ್ಟುವ ಕಂಪನಿ ಇರೋದು ನಮ್ಮ ಹಿಂದೆ.

ನಮ್ಮ ಸುಸ್ತಿನ ಬಗ್ಗೆ ಒಂದು ಮಾತು. ಬಹಳ ಜನ ಪೊಟ್ಟಣ ಶುರು ಮಾಡೋದು ಮೂಳೆಗೆ ಅಲ್ಲ, ಸುಸ್ತಿಗೆ. ರಾತ್ರಿ ಹತ್ತೂವರೆಗೆ ಅಮೆರಿಕದವರ ಜೊತೆ ಕಾಲು, ಒಂದೂವರೆಗೆ ಮಲಗೋದು, ಬೆಳಿಗ್ಗೆ ಒಂಬತ್ತಕ್ಕೆ ಸ್ಟ್ಯಾಂಡಪ್, ನಡುವೆ ಔಟರ್ ರಿಂಗ್ ರೋಡು. ಸುಸ್ತಾಗದೇ ಇದ್ದರೆ ಆಶ್ಚರ್ಯ. ಆದರೆ ರಿಪೋರ್ಟಿನಲ್ಲಿ 14 ಅಂತ ಬಂದ ಕೂಡಲೇ "ಓ, ಇದಕ್ಕಾ!" ಅಂತ ಸಮಾಧಾನ ಆಗುತ್ತೆ. ಸುಸ್ತಿಗೊಂದು ಹೆಸರು ಸಿಕ್ಕಿತು, ಹೆಸರಿಗೊಂದು ಪೊಟ್ಟಣ ಸಿಕ್ಕಿತು, ಫೈಲ್ ಮುಚ್ಚಿತು. ಹಿಮೋಗ್ಲೋಬಿನ್ ಎಷ್ಟಿದೆ, ಬಿ12 ಹೇಗಿದೆ, ಥೈರಾಯ್ಡ್ ಸರಿ ಇದೆಯಾ, ನಿದ್ದೆ ಎಷ್ಟು ಗಂಟೆ, ಮನಸ್ಸು ಹೇಗಿದೆ, ಇವನ್ನು ಕೇಳೋದು ಅಲ್ಲಿಗೇ ನಿಲ್ಲುತ್ತೆ. ಬೇಡದ ಪೊಟ್ಟಣದಿಂದ ಆಗುವ ದೊಡ್ಡ ನಷ್ಟ ನನ್ನ ಪ್ರಕಾರ ಇದೇ.

ಹಾಗಾಗಿ ಹೀಗೆ ಮಾಡಿ. ಪ್ಯಾಕೇಜಿನಲ್ಲಿ ಟೆಸ್ಟ್ ಆಗಿಬಿಟ್ಟು 12ರ ಕೆಳಗೆ ಬಂದಿದ್ದರೆ, ಇಲ್ಲಾ ನಂಬರ್ ಎಷ್ಟೇ ಇರಲಿ ಮೂಳೆ ನೋವು, ಮೆಟ್ಟಿಲು ಹತ್ತೋಕಾಗದಂಥ ಸ್ನಾಯು ದೌರ್ಬಲ್ಯ ಇದ್ದರೆ, ಡಾಕ್ಟರನ್ನು ಕಾಣಿ. ಪೊಟ್ಟಣ ಬರೆದರೆ "ಎಷ್ಟು ವಾರ, ಆಮೇಲೆ ಯಾವಾಗ ನಿಲ್ಲಿಸಲಿ?" ಅಂತ ಕೇಳಿ, ಆ ದಿನ ನಿಲ್ಲಿಸಿ. ಏನೂ ತೊಂದರೆ ಇಲ್ಲದೆ 17, 22, 26 ಬಂದಿದ್ದರೆ ರಿಪೋರ್ಟನ್ನು ಮಡಚಿಟ್ಟು ಮಧ್ಯಾಹ್ನ ಒಂದು ಸುತ್ತು ನಡೆದು ಬನ್ನಿ. ಹಾಗೂ ಮನಸ್ಸು ತಡೆಯದಿದ್ದರೆ ದಿನಕ್ಕೆ 400, 600 ಐಯುವಿನ ಸಣ್ಣ ಮಾತ್ರೆ ಇದೆ. ಅದರಿಂದ ಕೆಡುಕಿಲ್ಲ, ದೊಡ್ಡ ಲಾಭದ ಆಸೆಯೂ ಬೇಡ. ಈ ವಾರ ಊರಿಗೆ ಫೋನ್ ಮಾಡಿದಾಗ ಅಜ್ಜಿ ದಿನಕ್ಕೆ ಎಷ್ಟು ಹೊತ್ತು ಹೊರಗೆ ಬರ್ತಾರೆ, ಮನೆಯಲ್ಲಿ ಬಸುರಿಯೋ ಬಾಣಂತಿಯೋ ಇದ್ದರೆ ಆ ಸರ್ಕಾರಿ ಮಾತ್ರೆ ತಗೊಳ್ತಿದ್ದಾರಾ, ಮಗುವಿಗೆ ಹನಿ ಹಾಕ್ತಿದ್ದಾರಾ ಅಂತ ಒಂದು ಮಾತು ಕೇಳಿ.